ಎರಡು ಎಕೋಗಳ ನಡುವಿನ ಮಳೆಗಾಲ

ಹೋದ ತಿಂಗಳು ಕಾಸರಗೋಡು ಪೇಟೆಯ ಒಂದು ಮದ್ದಿನ ಅಂಗಡಿಯಲ್ಲಿ ನಿಂತಿದ್ದೆ. ನನಗೆ ಬಿ.ಪಿ. ಶುರುವಾಗಿದೆ. ಡಾಕ್ಟರು ಬರೆದ ಚೀಟಿ ನೋಡಿ ಅಂಗಡಿಯವರು ಗುಳಿಗೆಯ ಒಂದು ಪಟ್ಟಿಯನ್ನು ಗಾಜಿನ ಮೇಲಿಟ್ಟರು.

"ಲೊಸಾರ್ಟನ್. ದಿನಕ್ಕೆ ಒಂದು. ಮೊದಲು ತೆಗೊಂಡದ್ದುಂಟಾ ಟೀಚರೇ?"

"ತೆಗೊಂಡದ್ದಿಲ್ಲ. ಕೊಟ್ಟದ್ದುಂಟು" ಎಂದೆ.

ಅವರಿಗೆ ಅರ್ಥವಾಗಲಿಲ್ಲ. ಹಿಂದೆ ಜನ ನಿಂತಿದ್ದರು, ಹೊರಗೆ ಮಳೆ ಹಿಡಿದಿತ್ತು. ಪಟ್ಟಿಯನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ. ಮಧೂರಿನ ನನ್ನ ಮನೆಗೆ ಬರುವ ಹೊತ್ತಿಗೆ ಎಂಟು ವರ್ಷದ ಹಿಂದಿನ ಆ ಮಳೆಗಾಲ ಪೂರ್ತಿಯಾಗಿ ಕಣ್ಣ ಮುಂದೆ ಬಂದಿತ್ತು.

ಆಗ ನಾನು ಬೆಳ್ಳೂರು ಕಡೆಯ ಒಂದು ಕನ್ನಡ ಶಾಲೆಯಲ್ಲಿ ಆಟದ ಟೀಚರ್. ಶಾಲೆ ಇದ್ದದ್ದು ಮುರಕಲ್ಲಿನ ಪದವಿನ ಮೇಲೆ, ಕೆಂಪು ಕಲ್ಲಿನ ಬೋಳು ಗುಡ್ಡದ ಬಯಲಿನಲ್ಲಿ. ಎಷ್ಟೇ ಜೋರು ಮಳೆ ಬಂದರೂ ಅಲ್ಲಿ ನೀರು ನಿಲ್ಲುವುದಿಲ್ಲ. ಒಂದು ಗಂಟೆ ಬಿಸಿಲು ಬಿದ್ದರೆ ಸಾಕು, ಅಂಗಳ ಆಟಕ್ಕೆ ತಯಾರು. ಆ ಅಂಗಳದಲ್ಲಿ ನಾನು ಹೆಣ್ಣುಮಕ್ಕಳ ವಾಲಿಬಾಲ್ ತಂಡವೊಂದನ್ನು ಕಟ್ಟಿದ್ದೆ. ಅದರಲ್ಲಿ ಸಫೀನ ಇದ್ದಳು.

ಎಂಟನೆಯ ಕ್ಲಾಸಿಗೆ ಬಂದ ದಿನವೇ ಅವಳನ್ನು ಗುರುತಿಸಿದ್ದೆ. ಅಸೆಂಬ್ಲಿಯಲ್ಲಿ ಎಲ್ಲರಿಗಿಂತ ಒಂದು ತಲೆ ಮೇಲೆ ನಿಂತಿದ್ದಳು. ತೆಳ್ಳಗಿನ ಮೈ, ದಪ್ಪ ಗಾಜಿನ ಕನ್ನಡಕ, ಮೊಣಕಾಲಿನವರೆಗೂ ಇಳಿಯುತ್ತವೇನೋ ಎಂಬಂಥ ಕೈಗಳು. ಬೇರೆ ಮಕ್ಕಳು ಅವಳನ್ನು 'ಕಂಬ' ಎನ್ನುತ್ತಿದ್ದರು. ನಾನು ಕರೆದು ಕೈಗೆ ಚೆಂಡು ಕೊಟ್ಟೆ. ಎರಡು ವರ್ಷದಲ್ಲಿ ಅವಳು ನೆಟ್ಟಿನ ಹತ್ತಿರ ಹಾರಿದರೆ ಎದುರಿನ ತಂಡದವರು ಮೊದಲೇ ಕೈ ಕೆಳಗಿಳಿಸುವಂತಾಗಿತ್ತು. ಬೇರೆ ಶಾಲೆಯ ಮಾಷ್ಟ್ರುಗಳು "ಎಲ್ಲಿಂದ ತಂದಿರಿ ಇವಳನ್ನು?" ಎಂದು ಕೇಳುವಾಗ ನನಗೆ ಹೆಮ್ಮೆಯಾಗುತ್ತಿತ್ತು. ಆ ಹೆಮ್ಮೆಯ ವಿಷಯ ಹೇಳದೆ ಮುಂದಿನದ್ದು ಹೇಳಲು ಬರುವುದಿಲ್ಲ.

ಅವಳ ಉಮ್ಮ ನಬೀಸ ನಮ್ಮ ಶಾಲೆಯಲ್ಲೇ ಸಣ್ಣ ಕ್ಲಾಸಿನ ಮಕ್ಕಳಿಗೆ ಮಧ್ಯಾಹ್ನದ ಊಟ ಬೇಯಿಸುತ್ತಿದ್ದಳು. ಗಂಡ ಶಾರ್ಜಾದಲ್ಲಿ ಡ್ರೈವರ್ ಆಗಿದ್ದವರು. ಮಗಳಿಗೆ ಒಂಬತ್ತು ವರ್ಷ ಇರುವಾಗ, ಎದೆ ಉರಿಯುತ್ತದೆ ಎಂದು ಮಲಗಿದವರು ಏಳಲಿಲ್ಲ. ಹೃದಯಾಘಾತ ಎಂದು ಕಾಗದದಲ್ಲಿ ಬರೆದು ಬಂತು. ಅವರೂ ಎತ್ತರದ ಆಳು. "ಬಾಗಿಲಲ್ಲಿ ತಲೆ ಬಗ್ಗಿಸಿಯೇ ಒಳಗೆ ಬರುವುದು ಅವರು" ಎಂದು ನಬೀಸ ಹೇಳುತ್ತಿದ್ದಳು. ಇರುವವಳು ಒಬ್ಬಳೇ ಮಗಳು.

ಸಫೀನ ಹತ್ತನೆಯ ಕ್ಲಾಸಿಗೆ ಬಂದ ಜೂನ್ ತಿಂಗಳು. ಕ್ರೀಡಾ ಹಾಸ್ಟೆಲಿಗೆ ಸೇರುವ ಆಯ್ಕೆಗೆ ಅವಳ ಹೆಸರು ಕಳಿಸಿದ್ದೆ. ದೇಹ ಗಟ್ಟಿಯಾಗಿದೆ ಎಂಬ ಒಂದು ಸರ್ಟಿಫಿಕೇಟು ಬೇಕಿತ್ತು. ಅರ್ಧ ಗಂಟೆಯ ಕೆಲಸ ಎಂದುಕೊಂಡು ಅವಳನ್ನು ಕಾಸರಗೋಡಿಗೆ ಕರೆದುಕೊಂಡು ಹೋದೆ. ಪರೀಕ್ಷೆ ಮಾಡಿದ್ದು ಆಗಷ್ಟೇ ಕಲಿತು ಬಂದ ಒಬ್ಬ ಸಣ್ಣ ವಯಸ್ಸಿನ ಲೇಡಿ ಡಾಕ್ಟರು. ಎದೆಗೆ ಸ್ಟೆತಸ್ಕೋಪ್ ಇಟ್ಟವರು ಬಹಳ ಹೊತ್ತು ತೆಗೆಯಲಿಲ್ಲ. ಆಮೇಲೆ, "ಹೆಬ್ಬೆರಳನ್ನು ಒಳಗಿಟ್ಟು ಮುಷ್ಟಿ ಕಟ್ಟು ನೋಡುವ" ಎಂದರು. ಸಫೀನ ಕಟ್ಟಿದಳು. ಹೆಬ್ಬೆರಳಿನ ತುದಿ ಕಿರುಬೆರಳನ್ನೂ ದಾಟಿ ಮುಷ್ಟಿಯ ಆಚೆ ಬದಿಯಿಂದ ಹೊರಗೆ ಬಂತು. ಮಣಿಕಟ್ಟನ್ನು ಹೆಬ್ಬೆರಳು, ಕಿರುಬೆರಳಿನಿಂದ ಸುತ್ತಿ ಹಿಡಿಯಲು ಹೇಳಿದರು. ಎರಡು ಬೆರಳೂ ಒಂದರ ಮೇಲೊಂದು ಹತ್ತಿ ಕುಳಿತವು. ಟೇಪು ತಂದು ಚಾಚಿದ ಕೈಗಳನ್ನು ಅಳೆದರು. ಬಾಯಿ ತೆರೆಸಿ ಅಂಗುಳ ನೋಡಿದರು. ಕನ್ನಡಕ ಕೇಳಿ ಕಿಟಕಿಯ ಬೆಳಕಿಗೆ ಹಿಡಿದರು.

ನಾನು ನಗುತ್ತಾ, "ಎಲ್ಲದರಲ್ಲೂ ಅವಳು ಸ್ವಲ್ಪ ಉದ್ದವೇ ಡಾಕ್ಟ್ರೇ. ಅದಕ್ಕೇ ಒಳ್ಳೆ ಆಡ್ತಾಳೆ" ಎಂದೆ.

ಅವರು ನಗಲಿಲ್ಲ. "ಇವಳ ಅಪ್ಪ ಹೇಗೆ ತೀರಿಹೋದದ್ದು?" ಎಂದು ಕೇಳಿದರು. ಹೇಳಿದೆ.

"ನಾನು ಸಹಿ ಹಾಕುವುದಿಲ್ಲ. ಹೃದಯದ ಎಕೋ ಸ್ಕ್ಯಾನ್ ಮಾಡಿಸಿ. ಅದು ಆಗುವವರೆಗೆ ಆಟ ಬೇಡ, ಓಟ ಬೇಡ, ಭಾರ ಎತ್ತುವುದೂ ಬೇಡ."

ನನಗೆ ಸಿಟ್ಟು ಬಂತು. "ಎಂತ ಡಾಕ್ಟ್ರೇ, ಎತ್ತರ ಇರುವುದೂ ಒಂದು ರೋಗವಾ? ಮುಂದಿನ ವಾರ ಆಯ್ಕೆ ಉಂಟು ಇವಳಿಗೆ" ಎಂದು ಸ್ವರ ಎತ್ತಿ ಮಾತಾಡಿದೆ. ಅವರು ಚೀಟಿ ಬರೆದು ನನ್ನ ಕಡೆ ತಳ್ಳಿದರು. ಬಸ್ಸಿನಲ್ಲಿ ಬರುವಾಗ ಸಫೀನ, "ಬೇರೆ ಡಾಕ್ಟ್ರ ಹತ್ರ ಹೋಗುವನಾ ಟೀಚರ್?" ಎಂದಳು. ಹೋಗುವ ಎಂದೆ. ನಿಜವಾಗಿಯೂ ಹೋಗುವ ಮನಸ್ಸಿತ್ತು. ರಾತ್ರಿ ನಿದ್ರೆ ಬರಲಿಲ್ಲ, ಅವಳ ಅಪ್ಪನ ನೆನಪಾಯಿತು. ಬೆಳಿಗ್ಗೆ ಶಾಲೆಯ ಅಡುಗೆ ಕೋಣೆಗೆ ಹೋಗಿ ನಬೀಸಳಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಮೂವರೂ ರೈಲಿನಲ್ಲಿ ಮಂಗಳೂರಿಗೆ ಹೋದೆವು. ಚಂದ್ರಗಿರಿಯಿಂದ ಈಚೆಗೆ ಎಲ್ಲ ಹೊಳೆಗಳೂ ಕೆಂಪಾಗಿ ತುಂಬಿ ಹರಿಯುತ್ತಿದ್ದ ದಿನಗಳು ಅವು. ಎಕೋ ಮಾಡಿದ ಹೃದಯದ ಡಾಕ್ಟರು ವಯಸ್ಸಾದವರು, ನಿಧಾನಕ್ಕೆ ಮಾತಾಡುವವರು. ನಬೀಸಳಿಗೆ ಅರ್ಥವಾಗಬೇಕು ಎಂದು ಪೆನ್ನಿನಿಂದ ಕಾಗದದ ಮೇಲೆ ಹೃದಯದ ಚಿತ್ರ ಬರೆದರು. ಅದರ ಮೇಲಿನಿಂದ ಹೊರಡುವ ಒಂದು ದಪ್ಪ ಕೊಳವೆ ಬರೆದರು.

"ಮೈಗೆಲ್ಲ ರಕ್ತ ಹೋಗುವುದು ಈ ದೊಡ್ಡ ನಾಳದಿಂದ. ಇವಳಿಗೆ ಇದರ ಬುಡ ಅಗಲ ಆಗಿದೆ. ಮೈಯನ್ನು ಹಿಡಿದು ನಿಲ್ಲಿಸುವ ಒಂದು ನಾರು ಉಂಟಲ್ಲ, ಅದು ಇವಳಿಗೆ ಹುಟ್ಟಿದಾಗಲೇ ಸಡಿಲ. ಅದಕ್ಕೇ ಇಷ್ಟು ಎತ್ತರ. ಕಣ್ಣಿನ ಮಸೂರ ಜಾರಿ ಇಷ್ಟು ದಪ್ಪ ಕನ್ನಡಕ ಬಂದದ್ದೂ ಅದರಿಂದಲೇ. ಅಪ್ಪನ ಕಡೆಯಿಂದ ಬಂದಿರಬಹುದು."

"ಅವರು ಹೋದದ್ದೂ ಇದರಿಂದಲೇ ಇರಬಹುದಾ?" ನಬೀಸ ಕೇಳಿದಳು.

"ಈಗ ಹೇಳಲಿಕ್ಕೆ ಬರುವುದಿಲ್ಲ. ಇರಬಹುದು."

ನಾಳದ ಅಗಲ ಇದ್ದದ್ದು ನಾಲ್ಕು ಪಾಯಿಂಟ್ ಎರಡು ಸೆಂಟಿಮೀಟರ್. ಅವಳ ವಯಸ್ಸಿಗೆ ಅದು ಬಹಳ ಹೆಚ್ಚು ಎಂದರು. ಎರಡು ಗುಳಿಗೆ ಬರೆದರು. ಒಂದು, ಹೃದಯದ ಬಡಿತವನ್ನು ನಿಧಾನ ಮಾಡುವ ಅಟೆನೊಲಾಲ್. ಇನ್ನೊಂದು ಲೊಸಾರ್ಟನ್.

ನಬೀಸ ಮದ್ದಿನ ಅಂಗಡಿಯಿಂದ ತಿರುಗಿ ಬಂದು ಬಾಗಿಲಲ್ಲಿ ನಿಂತಳು. "ಡಾಕ್ಟ್ರೇ, ಇದು ಬಿ.ಪಿ. ಮದ್ದು ಅಂತ ಹೇಳ್ತಾರೆ. ನನ್ನ ಮಗಳಿಗೆ ಬಿ.ಪಿ. ಇಲ್ಲ ಅಲ್ವಾ?"

"ಇಲ್ಲ ಅಮ್ಮಾ. ಪ್ರತಿ ಬಡಿತಕ್ಕೂ ಆ ನಾಳದ ಗೋಡೆಗೆ ರಕ್ತ ಬಂದು ಹೊಡೀತದೆ. ಆ ಹೊಡೆತ ಮೆತ್ತಗೆ ಆಗಬೇಕು, ಅದಕ್ಕೆ ಇದು."

"ಗುಣ ಆಗ್ತದಾ?"

"ಅಗಲ ಆದದ್ದು ಮತ್ತೆ ಸಣ್ಣ ಆಗುವುದಿಲ್ಲ. ಇನ್ನೂ ಅಗಲ ಆಗುವುದು ನಿಧಾನ ಆಗ್ತದೆ. ಸುಮಾರು ಜನರಿಗೆ ಆಗ್ತದೆ. ಎಷ್ಟೋ ವರ್ಷ ಹಾಗೇ ಹೋಗ್ತದೆ. ಒಂದು ಮಟ್ಟ ಮೀರಿದರೆ ಆಪರೇಷನ್, ಆ ಭಾಗ ತೆಗೆದು ಬೇರೆ ಹಾಕುವುದು." ಸ್ವಲ್ಪ ತಡೆದು ಇನ್ನೊಂದು ಮಾತು ಹೇಳಿದರು. "ಈ ಲೊಸಾರ್ಟನ್ ಬಸುರಿ ಆದಾಗ ತೆಗೊಳ್ಳಬಾರದು. ಇವಳಿಗೆ ಹೆರಿಗೆಯೂ ಅಪಾಯವೇ. ಮುಂದೆ ಮದುವೆ ಅಂತ ಆಗುವಾಗ ಮೊದಲೇ ನಮ್ಮಲ್ಲಿಗೆ ಬರಬೇಕು. ಮರೀಬೇಡಿ."

ತಿರುಗಿ ಬರುವಾಗ ರೈಲಿನಲ್ಲಿ ಸಫೀನ ಕಿಟಕಿಗೆ ತಲೆ ಒರಗಿಸಿ ಕಣ್ಣು ಮುಚ್ಚಿದ್ದಳು. ನಬೀಸ ನನ್ನ ಕೈ ಹಿಡಿದು, ಮೆಲ್ಲನೆ, "ಮದುವೆ ಅಂದ್ರಲ್ಲ ಟೀಚರ್ ಡಾಕ್ಟ್ರು? ಮದುವೆ ಆಗುವವರೆಗೆ ಇರ್ತಾಳೆ ಅಂತ ಅಲ್ವಾ ಅದರ ಅರ್ಥ?" ಎಂದಳು. ಹೌದು ಎಂದೆ. ಅಷ್ಟು ಹೊತ್ತು ಕೇಳಿದ್ದರಲ್ಲಿ ಅವಳು ಮನೆಗೆ ಕೊಂಡುಹೋದದ್ದು ಆ ಒಂದು ಮಾತನ್ನು ಮಾತ್ರ.

ಜುಲೈಯಿಂದ ಗುಳಿಗೆ ಶುರು. ಬೆಳಿಗ್ಗೆಯ ಅಟೆನೊಲಾಲನ್ನು ನಬೀಸ ಕೊಡುತ್ತಿದ್ದಳು. ಲೊಸಾರ್ಟನನ್ನು ಮಧ್ಯಾಹ್ನ ಊಟದ ಹೊತ್ತಿಗೆ ನಾನು, ರಜೆಯ ದಿನ ಮಾತ್ರ ಅದನ್ನೂ ಅವಳೇ. ಹಾಗೆ ಹಂಚಿಕೊಂಡದ್ದಕ್ಕೆ ಒಂದು ಕಾರಣ ಇತ್ತು. ನೆರೆಹೊರೆಯವರು ನಬೀಸಳ ತಲೆ ಕೆಡಿಸುತ್ತಿದ್ದರು. ಓಡಾಡಿಕೊಂಡಿರುವ ಹುಡುಗಿಗೆ ಮುದುಕರ ಮದ್ದು ಯಾಕೆ, ಒಮ್ಮೆ ಶುರು ಮಾಡಿದರೆ ಬಿಡಲಿಕ್ಕಿಲ್ಲ, ಹೀಗೆಲ್ಲ. "ಒಂದನ್ನಾದರೂ ನೀವೇ ಕೊಡಿ ಟೀಚರ್, ನನಗೆ ಧೈರ್ಯ ಸಾಲುವುದಿಲ್ಲ" ಎಂದಿದ್ದಳು.

ನಾಡಿ ಎಣಿಸಬೇಕು ಎಂದು ಡಾಕ್ಟರು ಹೇಳಿದ್ದರು. ನನ್ನ ಕುತ್ತಿಗೆಯಲ್ಲಿ ಯಾವಾಗಲೂ ಸ್ಟಾಪ್‌ವಾಚ್ ತೂಗುತ್ತಿತ್ತು. ಓಟದ ಮಕ್ಕಳ ಸೆಕೆಂಡು ಹಿಡಿಯುತ್ತಿದ್ದ ಆ ವಾಚಿನಿಂದಲೇ ದಿನಾ ಅವಳ ಮಣಿಕಟ್ಟು ಹಿಡಿದು ಎಣಿಸಿದೆ. ತೊಂಬತ್ತು, ಎಂಬತ್ತನಾಲ್ಕು, ಎಪ್ಪತ್ತು. ಒಂದು ದಿನ ಅರುವತ್ತೆರಡು ಬಂದಾಗ ನನ್ನ ಓಟಗಾರ್ತಿ ದಾಖಲೆ ಮುರಿದಷ್ಟು ಖುಷಿಪಟ್ಟು ಅವಳ ಬೆನ್ನು ತಟ್ಟಿದೆ.

ಅವಳಿಗೆ ಖುಷಿ ಇರಲಿಲ್ಲ. ಬೆರಳುಗಳು ಸದಾ ತಣ್ಣಗೆ. ಕ್ಲಾಸಿನಲ್ಲಿ ತೂಕಡಿಕೆ. ಥಟ್ಟನೆ ಎದ್ದು ನಿಂತರೆ ಕಣ್ಣು ಕತ್ತಲೆ. ಗಣಿತದ ಮಾಷ್ಟ್ರು, "ಸಫೀನ ಮೊದಲಿನ ಹಾಗೆ ಇಲ್ಲ, ಉದಾಸೀನ ಮಾಡ್ತಾಳೆ" ಎಂದು ದೂರಿದರು. ಅವರಿಗೆ ವಿಷಯ ತಿಳಿಸಿದೆ. ಪಾಪ, ಆಮೇಲೆ ಅವಳು ನಿದ್ರೆ ಮಾಡಿದರೆ ಎಬ್ಬಿಸುತ್ತಿರಲಿಲ್ಲ.

ಸಂಜೆ ಬೇರೆಯವರು ಆಡುವಾಗ ಅವಳು ಅಂಗಳದ ಬದಿಯ ಬೆಂಚಿನಲ್ಲಿ ಕುಳಿತು ಪಾಯಿಂಟು ಬರೆಯುತ್ತಿದ್ದಳು. ಮನೆಗೆ ಹೋಗು ಎಂದರೆ ಹೋಗುವುದಿಲ್ಲ. ಮಳೆ ಬಂದರೆ ಕೊಡೆ ಬಿಡಿಸಿ ಅಲ್ಲೇ. ನನಗದು ಹಿಂಸೆಯಾಗುತ್ತಿತ್ತು. ಅವಳ ಜಾಗದಲ್ಲಿ ಆಡುತ್ತಿದ್ದ ಹುಡುಗಿ ಹಾರಿ ಹೊಡೆಯಲು ಹೋಗಿ ತಪ್ಪಿಸಿದಾಗಲೆಲ್ಲ ಬೆಂಚಿನ ಮೇಲೆ ಸಫೀನಳ ಬಲಗೈ ತನ್ನಷ್ಟಕ್ಕೆ ಸ್ವಲ್ಪ ಮೇಲೇಳುತ್ತಿತ್ತು.

ಓಣಂ ರಜೆ ಮುಗಿದು ಬಂದ ಮೇಲೆ ಒಂದು ಸಂಜೆ ಚೆಂಡು ಉರುಳಿ ಅವಳ ಕಾಲ ಬುಡಕ್ಕೆ ಬಂತು. ಎತ್ತಿಕೊಂಡು ಎದ್ದು ನಿಂತಳು.

"ಟೀಚರ್, ಒಂದು ಸರ್ವ್. ಒಂದೇ."

"ಇಲ್ಲ."

"ಕೆಳಗಿನಿಂದ ಟೀಚರ್. ಸಣ್ಣ ಮಕ್ಕಳು ಹಾಕ್ತಾರಲ್ಲ, ಹಾಗೆ. ಹಾರುವುದಿಲ್ಲ."

"ಇಲ್ಲ ಅಂದೆನಲ್ಲ ಸಫೀನ. ಚೆಂಡು ಕೆಳಗಿಡು."

ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ. ಆಡುತ್ತಿದ್ದವರೆಲ್ಲ ನಿಂತು ನೋಡುತ್ತಿದ್ದರು. ಅವಳು ಚೆಂಡನ್ನು ಎರಡೂ ಕೈಯಲ್ಲಿ ಒಮ್ಮೆ ತಿರುಗಿಸಿ, ನೆಲಕ್ಕಿಟ್ಟು, ನಮ್ಮ ಕಡೆ ಉರುಳಿಸಿದಳು. ಆಮೇಲೆ ಮತ್ತೆ ಕೇಳಲಿಲ್ಲ. ಆ ಸಂಜೆ ಅವಳಿಗೆ ನಾಳೆ ಒಂದು ಇದೆ ಎಂದು ನಾನು ಗಟ್ಟಿಯಾಗಿ ನಂಬಿದ್ದೆ. ಎಪ್ಪತ್ತು ವರ್ಷ ಬದುಕುವವರಿಗೆ ಒಂದು ಸರ್ವ್ ಹೋದರೆ ಏನು ಹೋಯಿತು?

ಮಧೂರಿನ ದೇವಸ್ಥಾನದಲ್ಲಿ ಅವಳ ಹೆಸರಿನಲ್ಲಿ ಒಂದು ಪೂಜೆಗೂ ಬರೆಸಿದೆ. ಆ ವರ್ಷ ಮಧುವಾಹಿನಿ ಹೊಳೆ ಉಕ್ಕಿ ನೀರು ಅಂಗಳಕ್ಕೆ ಬಂದು ಇಳಿದಿತ್ತು. ಕಲ್ಲುಗಳ ಮೇಲೆ ಇನ್ನೂ ಕೆಸರು. ರಶೀದಿ ಬರೆಯುವವರು, "ನಕ್ಷತ್ರ ಯಾವುದು?" ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಹೆಸರು ಹೇಳಿದಾಗ ಒಮ್ಮೆ ತಲೆ ಎತ್ತಿ ನನ್ನನ್ನು ನೋಡಿ, ಸುಮ್ಮನೆ ಬರೆದುಕೊಂಡರು. ನಬೀಸ ತನ್ನ ಕಡೆಯಿಂದ ದರ್ಗಾವೊಂದಕ್ಕೆ ಹರಕೆ ಹೊತ್ತಿದ್ದಳು. ಇಬ್ಬರೂ ಒಬ್ಬರಿಗೊಬ್ಬರು ಪ್ರಸಾದ ತಂದುಕೊಟ್ಟೆವು.

ಅಕ್ಟೋಬರ್ ಕೊನೆಗೆ ಎರಡನೆಯ ಎಕೋ. ಮಳೆಗಾಲ ಮುಗಿಯುತ್ತಾ ಬಂದಿತ್ತು, ಮಧ್ಯಾಹ್ನದ ಮೇಲೆ ಗುಡುಗು ಮಾತ್ರ. ನಾವು ಮೂವರೂ ಹೋದದ್ದು ಮಾರ್ಕು ತಿಳಿಯಲು ಹೋಗುವವರ ಹಾಗೆ. ನಾಲ್ಕು ತಿಂಗಳಲ್ಲಿ ಒಂದು ಗುಳಿಗೆ ತಪ್ಪಿರಲಿಲ್ಲ, ಒಂದು ಹೆಜ್ಜೆ ಓಡಿರಲಿಲ್ಲ. ಬಿ.ಪಿ., ನಾಡಿ ಎರಡೂ ಡಾಕ್ಟರು ಹೇಳಿದಲ್ಲೇ ಇದ್ದವು.

ಡಾಕ್ಟರು ಪರದೆಯ ಮೇಲೆ ಒಮ್ಮೆ ಅಳೆದರು. ಮತ್ತೊಮ್ಮೆ ಅಳೆದರು. ಇನ್ನೊಬ್ಬರನ್ನು ಕರೆದು ಅಳೆಸಿದರು. ಆಮೇಲೆ ಸಫೀನಳನ್ನು ಹೊರಗೆ ಕುಳಿತುಕೊಳ್ಳಲು ಹೇಳಿದರು.

"ನಾಲ್ಕು ಪಾಯಿಂಟ್ ಏಳು" ಎಂದರು. "ನಾಲ್ಕು ತಿಂಗಳಿಗೆ ಇದು ಬಹಳ ಹೆಚ್ಚು. ಇನ್ನು ಕಾಯಬಾರದು. ಆಪರೇಷನ್ ಮಾಡಬೇಕು."

ನಬೀಸ ಕುಳಿತಲ್ಲಿಂದ ಎದ್ದಳು. "ಒಂದು ದಿನವೂ ಬಿಡಲಿಲ್ಲ ಡಾಕ್ಟ್ರೇ. ಟೀಚರ್ ಹತ್ರ ಕೇಳಿ. ಹಬ್ಬದ ದಿನವೂ ಕೊಟ್ಟಿದ್ದೇನೆ. ಒಂದು ದಿನವೂ ಬಿಡಲಿಲ್ಲ."

"ನಿಮ್ಮ ತಪ್ಪು ಏನೂ ಇಲ್ಲ ಅಮ್ಮಾ. ಕೆಲವರಿಗೆ ಮದ್ದು ಹಿಡೀತದೆ, ಕೆಲವರಿಗೆ ಹಿಡಿಯುವುದಿಲ್ಲ. ಯಾರಿಗೆ ಅಂತ ಮೊದಲೇ ತಿಳಿಯಲಿಕ್ಕೆ ನಮಗೆ ದಾರಿ ಇಲ್ಲ."

ಗುಳಿಗೆಯ ಪ್ರಮಾಣ ಹೆಚ್ಚಿಸಿದರು. ಸ್ಕ್ಯಾನು, ರಕ್ತಪರೀಕ್ಷೆ, ಹಲ್ಲಿನ ಪರೀಕ್ಷೆ ಮುಗಿಸಿ ಮೂರು ವಾರದ ನಂತರದ ಒಂದು ದಿನ ಗೊತ್ತು ಮಾಡಿದರು. ಹೊರಗೆ ಸಫೀನ ಬೆಂಚಿನಲ್ಲಿ ಕುಳಿತು ಬಿಸ್ಕತ್ತು ತಿನ್ನುತ್ತಿದ್ದಳು. ನಮ್ಮ ಮುಖ ನೋಡಿ, "ಹೆಚ್ಚಾಗಿದೆ ಅಲ್ವಾ?" ಎಂದಳು. ಆಪರೇಷನ್ ಉಂಟು ಎಂದೆ. "ಆಪರೇಷನ್ ಆದ ಮೇಲೆ ಆಡಬಹುದಾ ಅಂತ ಕೇಳಿದ್ರಾ ಟೀಚರ್?" ಕೇಳಿರಲಿಲ್ಲ. ಕೇಳಿದೆ, ನೋಡುವ ಅಂದರು ಎಂದು ಸುಳ್ಳು ಹೇಳಿದೆ.

ಗೊತ್ತು ಮಾಡಿದ ದಿನಕ್ಕೆ ಇನ್ನೂ ಒಂಬತ್ತು ದಿನ ಇತ್ತು. ಒಂದು ಬುಧವಾರ ಬೆಳಿಗ್ಗೆ, ಎರಡನೆಯ ಪೀರಿಯಡ್. ನಾನು ಅಂಗಳದಲ್ಲಿ ಸಣ್ಣವರಿಗೆ ಡ್ರಿಲ್ ಮಾಡಿಸುತ್ತಿದ್ದೆ. ಹತ್ತನೆಯ ಕ್ಲಾಸಿನಿಂದ ಗಣಿತದ ಮಾಷ್ಟ್ರು ನನ್ನ ಹೆಸರು ಕೂಗುತ್ತಾ ಜಗಲಿಗೆ ಬಂದರು. ಸಫೀನ ಡೆಸ್ಕಿನ ಮೇಲೆ ಬಗ್ಗಿದ್ದಳು. ಮುಖ ಸುಣ್ಣದ ಹಾಗಿತ್ತು, ಹಣೆಯಲ್ಲಿ ಬೆವರು. ನನ್ನನ್ನು ನೋಡಿ, "ಬೆನ್ನಿನ ಒಳಗೆ ಎಂತದೋ ಹರಿದ ಹಾಗೆ ಆಯ್ತು ಟೀಚರ್" ಎಂದಳು. ಅಭ್ಯಾಸಬಲದಿಂದ ಮಣಿಕಟ್ಟು ಹಿಡಿದೆ. ಬಲಗೈಯಲ್ಲಿ ನಾಡಿ ಇತ್ತು. ಎಡಗೈಯಲ್ಲಿ ಸಿಗಲಿಲ್ಲ.

ಹೆಡ್‌ಮಾಷ್ಟ್ರ ಕಾರಿನಲ್ಲೇ ಹೊರಟೆವು. ಹಿಂದಿನ ಸೀಟಿನಲ್ಲಿ ನಬೀಸಳ ಮಡಿಲಲ್ಲಿ ತಲೆ, ನನ್ನ ಮಡಿಲಲ್ಲಿ ಕಾಲು. ಆ ಕಾಲುಗಳು ಸೀಟಿನಲ್ಲಿ ಹಿಡಿಯುತ್ತಿರಲಿಲ್ಲ, ಮಡಚಿ ಹಿಡಿದುಕೊಂಡಿದ್ದೆ. ದಾರಿಯಲ್ಲಿ ಒಮ್ಮೆ, "ಉಮ್ಮಾ, ಪರೀಕ್ಷೆಗೆ ಮೊದಲು ಗುಣ ಆಗ್ತದಾ?" ಎಂದಳು. ನಬೀಸ ಆಗ್ತದೆ ಎಂದಳು. ಕುಂಬಳೆ ದಾಟಿದ ಮೇಲೆ ಸಫೀನ ಮಾತಾಡಲಿಲ್ಲ. ಮಂಗಳೂರು ಮುಟ್ಟುವಾಗ ಎಲ್ಲ ಮುಗಿದಿತ್ತು. ಆಸ್ಪತ್ರೆಯ ಬಾಗಿಲಿಗೆ ಬಂದ ಅದೇ ಡಾಕ್ಟರು ಕಾರಿನೊಳಗೆ ಬಗ್ಗಿ ಅವಳ ಕುತ್ತಿಗೆ ಮುಟ್ಟಿ ನೋಡಿ, ನನ್ನ ಹತ್ತಿರ, "ನಾಳದ ಗೋಡೆ ಸೀಳಿತು" ಎಂದಷ್ಟೇ ಹೇಳಿ, ಕನ್ನಡಕ ತೆಗೆದು ಕೈಯಲ್ಲಿ ಹಿಡಿದು ನಿಂತರು.

ಮಯ್ಯತ್ತಿಗೆ, ಕೊನೆಯ ಸಲ ಅವಳನ್ನು ನೋಡಲು, ತಂಡದ ಹುಡುಗಿಯರೆಲ್ಲ ಬಂದಿದ್ದರು. ಮೈ ಮುಚ್ಚಲು ತಂದ ಬಿಳಿ ಬಟ್ಟೆ ಸಾಲಲಿಲ್ಲ, ಇನ್ನೂ ಸ್ವಲ್ಪ ತರಲು ಒಬ್ಬರು ಪೇಟೆಗೆ ಹೋದರು. ನಾವೆಲ್ಲ ಅಂಗಳದಲ್ಲಿ ಕಾದು ನಿಂತೆವು.

ಎರಡು ತಿಂಗಳು ನಬೀಸ ಕೆಲಸಕ್ಕೆ ಬರಲಿಲ್ಲ. ಬಂದ ಮೊದಲ ದಿನ ನಾನು ಅಡುಗೆ ಕೋಣೆಗೆ ಹೋದೆ. ಅವಳು ತಿಳಿ ಬಸಿಯಲು ಅನ್ನದ ದೊಡ್ಡ ಪಾತ್ರೆಯನ್ನು ಬಾಗಿಸಿ ಹಿಡಿದಿದ್ದಳು. ನಾನು ಕಲ್ಲಿನ ಕಟ್ಟೆಯ ಮೇಲೆ ಕುಳಿತೆ. ಆಮೇಲೆ ಅವಳೇ ಕೇಳಿದಳು.

"ಟೀಚರ್, ಅವಳನ್ನು ಆಡಲಿಕ್ಕೆ ಬಿಟ್ಟಿದ್ದರೆ ಎಂತ ಆಗ್ತಿತ್ತು?"

"ಇನ್ನೂ ಬೇಗ ಆಗ್ತಿತ್ತೋ ಏನೋ ನಬೀಸಾ. ಆ ನಾಲ್ಕು ತಿಂಗಳೂ ಇರ್ತಿರಲಿಲ್ಲವೋ ಏನೋ."

ಅವಳು ಪಾತ್ರೆಯನ್ನು ನೆಟ್ಟಗೆ ಮಾಡಿದಳು. ಮುಖಕ್ಕೆ ಹೊಡೆದ ಆವಿಯನ್ನು ತಲೆವಸ್ತ್ರದ ತುದಿಯಿಂದ ಒರೆಸಿಕೊಂಡಳು. ಸ್ವರದಲ್ಲಿ ಸಿಟ್ಟು ಇರಲಿಲ್ಲ. ಗೊತ್ತಿರುವವರ ಹತ್ತಿರ ಗೊತ್ತಿಲ್ಲದವರು ಕೇಳುವ ಹಾಗೆ ಕೇಳಿದಳು.

"ಆ ನಾಲ್ಕು ತಿಂಗಳು ಇದ್ದು ಅವಳು ಎಂತ ಮಾಡಿದಳು ಟೀಚರ್? ಬೆಂಚಿನಲ್ಲಿ ಕೂತಳು."

ಊಟದ ಬೆಲ್ಲು ಹೊಡೆಯಿತು. ಮಕ್ಕಳು ತಟ್ಟೆ ಹಿಡಿದು ಬಾಗಿಲಲ್ಲಿ ಸಾಲು ನಿಂತರು. ನಬೀಸ ಸೌಟು ತೆಗೆದುಕೊಂಡು ಬಡಿಸಲು ಹೋದಳು. ನಾನು ಇನ್ನೂ ಸ್ವಲ್ಪ ಹೊತ್ತು ಅಲ್ಲೇ ಕುಳಿತಿದ್ದು, ಮೂರನೆಯ ಸಾಲಿನ ಮಕ್ಕಳು ಬರುವಾಗ ಎದ್ದು, ಸಾಂಬಾರಿನ ಪಾತ್ರೆ ಹಿಡಿದು ಅವಳ ಪಕ್ಕ ನಿಂತೆ.